ಅರ್ಥಗಳನ್ನು ಎಣಿಸುವ ಮುನ್ನ: ಇಂಗ್ಲಿಷಿನ ‘ರನ್’ ಕ್ರಿಯಾಪದದ ವಿವರಣೆಗಳ ವಿಮರ್ಶೆ

ಸಾರಾಂಶ

ಇಂಗ್ಲಿಷಿನ ‘ರನ್’ ಕ್ರಿಯಾಪದಕ್ಕೆ ನೂರಾರು ಅರ್ಥಗಳಿವೆ ಎಂಬ ಮಾತು ನಿಘಂಟಿನಿಂದ ಹೊರಟು ಭಾಷಾವಿಜ್ಞಾನದ ಬರಹಗಳಲ್ಲಿಯೂ ನೆಲೆಗೊಂಡಿದೆ. ಈ ಲೇಖನದಲ್ಲಿ ನಾವು ಆ ಎಣಿಕೆಯ ಆಧಾರಗಳನ್ನು ಪರಿಶೀಲಿಸುತ್ತೇವೆ. ಎಣಿಕೆಗೆ ಸಿಕ್ಕಿರುವ ಅರ್ಥಗಳಲ್ಲಿ ಬಹುಪಾಲು ವಾಕ್ಯರಚನೆಗೆ, ಪೂರಕಪದಕ್ಕೆ ಅಥವಾ ಕರ್ತೃಪದದ ವರ್ಗಕ್ಕೆ ಸೇರಿದವು ಎಂಬುದು ನಮ್ಮ ವಾದ. ಹಾಗೆಂದು ‘ರನ್’ಗೆ ಒಂದೇ ಅರ್ಥವೆಂಬ ನಿಲುವನ್ನೂ ನಾವು ಒಪ್ಪುವುದಿಲ್ಲ. ಕನ್ನಡದ ‘ಓಡು’, ‘ಹರಿ’, ‘ನಡೆ’ ಕ್ರಿಯಾಪದಗಳೊಡನೆ ಹೋಲಿಸಿ, ದ್ವಿಭಾಷಾ ನಿಘಂಟಿನ ನಮೂದು ಹೇಗಿರಬೇಕೆಂಬುದನ್ನು ಕೊನೆಯಲ್ಲಿ ಸೂಚಿಸುತ್ತೇವೆ.

1. ಸಂಖ್ಯೆಯ ಆಕರ್ಷಣೆ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಕ್ರಿಯಾಪದದ್ದು. ಅದಕ್ಕೆ ನಾಲ್ಕುನೂರಕ್ಕೂ ಹೆಚ್ಚು ಅರ್ಥಗಳನ್ನು ಅಲ್ಲಿ ಗುರುತಿಸಲಾಗಿತ್ತು. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ಆ ಸ್ಥಾನ ‘ರನ್’ಗೆ ಬಂದಿತು. ನಿಘಂಟುಕಾರ ಪೀಟರ್ ಗಿಲಿವರ್ ಅವರು ಒಂಬತ್ತು ತಿಂಗಳು ಈ ಒಂದು ಪದಕ್ಕಾಗಿ ದುಡಿದರೆಂದೂ ಕ್ರಿಯಾಪದದ ಅರ್ಥಗಳ ಸಂಖ್ಯೆ 645ನ್ನು ಮುಟ್ಟಿತೆಂದೂ ಸೈಮನ್ ವಿಂಚೆಸ್ಟರ್ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು. ಅಂದಿನಿಂದ ಈ ಸಂಖ್ಯೆ ಇಂಗ್ಲಿಷ್ ಪದಗಳ ಅನೇಕಾರ್ಥತೆಯನ್ನು ಕುರಿತ ಉಪನ್ಯಾಸಗಳ ಮೊದಲ ವಾಕ್ಯವಾಗಿ ಬಳಕೆಯಾಗುತ್ತಿದೆ. ತರಗತಿಯಲ್ಲಿ ನಾವೂ ಅದನ್ನು ಹಾಗೆಯೇ ಬಳಸಿದ್ದೇವೆ.

ಆದರೆ ಇದೇ ಕ್ರಿಯಾಪದಕ್ಕೆ ವರ್ಡ್‌ನೆಟ್‌ನ 3.0 ಆವೃತ್ತಿ ಕೊಡುವ ಅರ್ಥಗಳು 41. ಎರಡು ಎಣಿಕೆಗಳ ನಡುವೆ ಸುಮಾರು ಹದಿನಾರು ಪಟ್ಟು ಅಂತರವಿದೆ. ಒಂದು ಕಾಡಿನಲ್ಲಿರುವ ಮರಗಳನ್ನು ಇಬ್ಬರು ಎಣಿಸಿದಾಗ ಇಷ್ಟು ವ್ಯತ್ಯಾಸ ಬಂದರೆ, ಯಾವುದನ್ನು ಮರವೆಂದು ಕರೆಯಬೇಕೆಂಬ ವಿಷಯದಲ್ಲಿಯೇ ಅವರಿಗೆ ಸಹಮತವಿಲ್ಲವೆಂದು ನಾವು ತಿಳಿಯುತ್ತೇವೆ. ‘ರನ್’ ವಿಷಯದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು’ ಎಂಬುದಲ್ಲ. ‘ಎಣಿಕೆಯ ಏಕಮಾನ ಯಾವುದು’ ಎಂಬುದು.

ಇಲ್ಲಿ ಆಕ್ಸ್‌ಫರ್ಡ್ ನಿಘಂಟಿನ ದೋಷವನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಅದು ಚಾರಿತ್ರಿಕ ನಿಘಂಟು. ಪ್ರತಿಯೊಂದು ಬಳಕೆ ಬರಹದಲ್ಲಿ ಎಂದು ಕಾಣಿಸಿಕೊಂಡಿತು ಎಂಬುದನ್ನು ಉಲ್ಲೇಖಗಳ ಸಮೇತ ದಾಖಲಿಸುವುದು ಅದರ ಕೆಲಸ, ಮತ್ತು ಆ ಕೆಲಸಕ್ಕೆ ಸೂಕ್ಷ್ಮ ವಿಭಜನೆ ಬೇಕೇ ಬೇಕು. ದಾಖಲೆಯ ಅನುಕೂಲಕ್ಕಾಗಿ ಮಾಡಿದ ವಿಭಜನೆಯನ್ನು ಭಾಷಿಕನ ಮನಸ್ಸಿನ ವಿಭಜನೆಯೆಂದು ಓದಿದ್ದು ಭಾಷಾವಿಜ್ಞಾನಿಗಳಾದ ನಮ್ಮ ತಪ್ಪು. ‘ಪದಾರ್ಥಗಳಲ್ಲಿ ನನಗೆ ನಂಬಿಕೆಯಿಲ್ಲ’ ಎಂಬ ಅರ್ಥದ ಶೀರ್ಷಿಕೆಯಡಿಯಲ್ಲಿ ಆಡಂ ಕಿಲ್‌ಗರಿಫ್ 1997ರಲ್ಲಿ ಬರೆದ ಲೇಖನ ಈ ಎಚ್ಚರವನ್ನು ಹೇಳಿತ್ತು: ಅರ್ಥವಿಭಜನೆ ಯಾವುದೋ ಒಂದು ಉದ್ದೇಶಕ್ಕಾಗಿ ನಡೆಯುತ್ತದೆ, ಉದ್ದೇಶವನ್ನು ಬಿಟ್ಟು ಅದಕ್ಕೆ ಸ್ವತಂತ್ರ ಅಸ್ತಿತ್ವವಿಲ್ಲ.

2. ಎಣಿಕೆಯೊಳಗೆ ಸೇರಿಕೊಂಡ ವ್ಯಾಕರಣ

ಕೆಳಗಿನ ಇಂಗ್ಲಿಷ್ ವಾಕ್ಯಗಳನ್ನೂ ಅವುಗಳ ಕನ್ನಡ ರೂಪಗಳನ್ನೂ ಗಮನಿಸಿ.

(1) ದ ಹಾರ್ಸ್ ರ‍್ಯಾನ್. — ಕುದುರೆ ಓಡಿತು.
(2) ಶಿ ರ‍್ಯಾನ್ ದ ಹಾರ್ಸ್. — ಅವಳು ಕುದುರೆಯನ್ನು ಓಡಿಸಿದಳು.
(3) ದ ಸ್ಕೂಲ್ ರನ್ಸ್ ವೆಲ್. — ಶಾಲೆ ಚೆನ್ನಾಗಿ ನಡೆಯುತ್ತದೆ.
(4) ದೇ ರನ್ ದ ಸ್ಕೂಲ್. — ಅವರು ಶಾಲೆಯನ್ನು ನಡೆಸುತ್ತಾರೆ.

ಇಂಗ್ಲಿಷ್ ನಿಘಂಟುಗಳಲ್ಲಿ (1) ಮತ್ತು (2) ಬೇರೆ ಬೇರೆ ಅರ್ಥಗಳು. (3) ಮತ್ತು (4) ಕೂಡ ಹಾಗೆಯೇ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ‘ಇಸು’ ಪ್ರತ್ಯಯ ಹೊರುತ್ತದೆ. ಆದ್ದರಿಂದ ಅದನ್ನು ನಾವು ಧಾತುವಿನ ಅನೇಕಾರ್ಥತೆಯೆಂದು ಎಣಿಸದೆ ಪ್ರೇರಣಾರ್ಥಕವೆಂಬ ವ್ಯಾಕರಣದ ವಿಷಯವಾಗಿ ನೋಡುತ್ತೇವೆ. ಇಂಗ್ಲಿಷಿನಲ್ಲಿ ಪ್ರತ್ಯಯ ಕಾಣದಿರುವುದರಿಂದ ಅದೇ ವ್ಯತ್ಯಾಸ ಪದದ ಅರ್ಥಗಳ ಪಟ್ಟಿಗೆ ಜಾರಿಕೊಳ್ಳುತ್ತದೆ. ಅಂದರೆ, ಪ್ರತ್ಯಯವಿಲ್ಲದ ಕಡೆಯಲ್ಲೆಲ್ಲ ಅರ್ಥಗಳ ಸಂಖ್ಯೆ ಹೆಚ್ಚುತ್ತದೆ.

ಕನ್ನಡದಲ್ಲಿ ಎಲ್ಲ ಕ್ರಿಯಾಪದಗಳೂ ಇಷ್ಟು ಶಿಸ್ತಿನವಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ‘ಕೋಲು ಮುರಿಯಿತು’, ‘ಅವನು ಕೋಲು ಮುರಿದ’ ಎಂಬಲ್ಲಿ ಧಾತು ಬದಲಾಗದೆಯೇ ಅಕರ್ಮಕವೂ ಸಕರ್ಮಕವೂ ಆಗುತ್ತದೆ. ‘ಸುರಿ’ ಕೂಡ ಅಂಥದ್ದು. ಆದರೆ ಈ ಅಪವಾದ ನಮ್ಮ ವಾದವನ್ನು ಬಲಪಡಿಸುತ್ತದೆ. ‘ಮುರಿ’ ಧಾತುವಿಗೆ ಎರಡು ಅರ್ಥಗಳಿವೆ ಎಂದು ಯಾವ ಕನ್ನಡಿಗನಿಗೂ ಅನ್ನಿಸುವುದಿಲ್ಲ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದೇ ಅರ್ಥವನ್ನು ತಿಳಿಸುತ್ತದೆ. ಕನ್ನಡ ಮಾತಾಡುವ ಮೂರು ವರ್ಷದ ಆಸುಪಾಸಿನ ಮಕ್ಕಳನ್ನು ಕುರಿತು ಜೆಫ್ರಿ ಲಿಡ್ಜ್ ಹಾಗೂ ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸ್ತುತ. ಕನ್ನಡದಲ್ಲಿ ಪ್ರೇರಣೆಯನ್ನು ಸೂಚಿಸುವ ಪ್ರತ್ಯಯ ನಂಬಲರ್ಹ ಸುಳಿವಾಗಿದ್ದರೂ, ಆ ಮಕ್ಕಳು ವಾಕ್ಯದ ಅರ್ಥವನ್ನು ಊಹಿಸಲು ನಾಮಪದಗಳ ಸಂಖ್ಯೆಯನ್ನೇ ಆಶ್ರಯಿಸಿದರು. ಪ್ರೇರಣೆಯ ಅರ್ಥವನ್ನು ರಚನೆಯೇ ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನಮಗೆ ದೊರೆಯಲಾರದು.

ಎಣಿಕೆಯನ್ನು ಹಿಗ್ಗಿಸುವ ಎರಡನೆಯ ಅಂಶ ಪೂರಕಪದಗಳು. ‘ದ ವೆಲ್ ರ‍್ಯಾನ್ ಡ್ರೈ’ ಎಂಬ ವಾಕ್ಯಕ್ಕಾಗಿ ‘ಒಂದು ಸ್ಥಿತಿಗೆ ಬರು’ ಎಂಬ ಅರ್ಥವನ್ನು ‘ರನ್’ಗೆ ಸೇರಿಸಲಾಗುತ್ತದೆ. ‘ರನ್ ಲೋ’, ‘ರನ್ ಶಾರ್ಟ್’, ‘ರನ್ ವೈಲ್ಡ್’ ಇದೇ ಸಾಲಿನವು. ಆದರೆ ‘ಗೋ ಮ್ಯಾಡ್’, ‘ಟರ್ನ್ ಸವರ್’, ‘ಫಾಲ್ ಇಲ್’ ಎಂಬಲ್ಲಿಯೂ ಚಲನೆಯನ್ನು ಹೇಳುವ ಕ್ರಿಯಾಪದದ ಮುಂದೆ ಗುಣವಾಚಕ ಬಂದು ಸ್ಥಿತ್ಯಂತರವನ್ನು ಸೂಚಿಸುತ್ತದೆ. ಇದು ಇಂಗ್ಲಿಷಿನ ಒಂದು ರಚನೆ. ‘ರನ್’ ಅದರಲ್ಲಿ ಪಾಲುಗೊಳ್ಳುವ ಹಲವು ಕ್ರಿಯಾಪದಗಳಲ್ಲಿ ಒಂದು ಮಾತ್ರ. ಕನ್ನಡದಲ್ಲಿ ‘ಬಾವಿ ಬತ್ತಿಹೋಯಿತು’ ಎನ್ನುತ್ತೇವೆ. ಅಷ್ಟಕ್ಕೆ ‘ಹೋಗು’ ಧಾತುವಿಗೆ ‘ಬತ್ತು’ ಎಂಬ ಅರ್ಥವಿದೆಯೆಂದು ಯಾರೂ ನಿಘಂಟಿಗೆ ಸೇರಿಸುವುದಿಲ್ಲ.

‘ರನ್ ಔಟ್’, ‘ರನ್ ಇಂಟು’, ‘ರನ್ ಓವರ್’, ‘ರನ್ ಡೌನ್’ ಮೊದಲಾದ ಜೋಡಿಗಳದು ಇನ್ನೊಂದು ಬಗೆ. ಇವನ್ನು ಇಡಿಯಾಗಿ ಕಲಿಯಬೇಕು, ನಿಜ. ಆದರೆ ಇಡಿಯಾಗಿ ಕಲಿತದ್ದನ್ನು ಬಿಡಿಯ ಲೆಕ್ಕಕ್ಕೆ ಸೇರಿಸುವುದು ಎರಡೆರಡು ಸಲ ಎಣಿಸಿದಂತೆ.

3. ಮೂಲಾರ್ಥದ ಪ್ರಶ್ನೆ

ಪಟ್ಟಿಯ ಪದ್ಧತಿಗೆ ಪರ್ಯಾಯವಾಗಿ ಬಂದದ್ದು ಅರ್ಥಜಾಲದ ಕಲ್ಪನೆ. ಕ್ಲಾಡಿಯಾ ಬ್ರಗ್ಮನ್ 1981ರಲ್ಲಿ ಇಂಗ್ಲಿಷಿನ ‘ಓವರ್’ ಕುರಿತು ಆರಂಭಿಸಿದ ಈ ವಿಶ್ಲೇಷಣೆಯನ್ನು ಜಾರ್ಜ್ ಲೇಕಾಫ್ 1987ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ನಡುವೆ ಒಂದು ಮೂಲಮಾದರಿ, ಅದರಿಂದ ರೂಪಕ, ಲಕ್ಷಣೆಗಳ ಮೂಲಕ ಕವಲೊಡೆದ ಅರ್ಥಗಳು—ಇದು ಅದರ ಸ್ವರೂಪ. 2006ರಲ್ಲಿ ಸ್ಟೆಫಾನ್ ಗ್ರೀಸ್ ‘ರನ್’ ಕ್ರಿಯಾಪದಕ್ಕೆ ಇದನ್ನು ಅನ್ವಯಿಸಿದರು. ಪಠ್ಯಕೋಶದಿಂದ ಆಯ್ದ ಪ್ರಯೋಗಗಳಿಗೆ ಅವುಗಳ ರೂಪ, ವಾಕ್ಯರಚನೆ ಮತ್ತು ಅರ್ಥದ ಲಕ್ಷಣಗಳನ್ನು ಗುರುತು ಹಚ್ಚಿ, ಕಾಲ್ನಡೆಯ ವೇಗದ ಚಲನೆಯೇ ಮೂಲಮಾದರಿಯೆಂದು ಅವರು ವಾದಿಸಿದರು. ಸ್ವಾನುಭವದ ಊಹೆಯ ಸ್ಥಳದಲ್ಲಿ ಪ್ರಯೋಗಗಳ ವರ್ತನೆಯನ್ನು ತಂದು ನಿಲ್ಲಿಸಿದ್ದು ಈ ಅಧ್ಯಯನದ ದೊಡ್ಡ ಕೊಡುಗೆ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಪ್ರಯೋಗಗಳನ್ನು ಯಾವ ಅರ್ಥದ ಹೆಸರಿನಡಿಯಲ್ಲಿ ಇಡಬೇಕೆಂಬುದನ್ನು ವಿಶ್ಲೇಷಕನೇ ನಿರ್ಧರಿಸಬೇಕಾಗುತ್ತದೆ. ಜಾಲದಲ್ಲಿ ಕಾಣುವುದು ಭಾಷಿಕನ ಮನಸ್ಸೋ ಭಾಷಾವಿಜ್ಞಾನಿಯ ಮನಸ್ಸೋ ಎಂದು ಡೊಮಿನಿಕ್ ಸಾಂಡ್ರಾ ಮತ್ತು ಸ್ಯಾಲಿ ರೈಸ್ 1995ರಲ್ಲಿ ಎತ್ತಿದ ಪ್ರಶ್ನೆ ಇಲ್ಲಿಯೂ ಅನ್ವಯಿಸುತ್ತದೆ.

‘ನದಿ ರನ್ ಆಗುತ್ತದೆ’ ಎಂಬ ಅರ್ಥದ ಪ್ರಯೋಗವನ್ನು ಮನುಷ್ಯನ ಓಟದಿಂದ ಬಂದ ರೂಪಕವೆಂದು ಹೇಳುವಾಗ ಚರಿತ್ರೆಯನ್ನೂ ನೋಡಬೇಕು. ಇಂದಿನ ‘ರನ್’ ರೂಪದಲ್ಲಿ ಎರಡು ಹಳೆಯ ಧಾತುಗಳು ಬೆರೆತಿವೆ. ಹಳೆಯ ಇಂಗ್ಲಿಷಿನ ‘ರಿನ್ನನ್’ ಅಥವಾ ‘ಇರ್ನನ್’ ಅಕರ್ಮಕ. ಓಡುವುದಕ್ಕೂ ಹರಿಯುವುದಕ್ಕೂ ಅದು ಸಲ್ಲುತ್ತಿತ್ತು. ‘ಆ್ಯರ್ನನ್’ ಎಂಬುದು ಅದರ ಪ್ರೇರಣಾರ್ಥಕದಿಂದ ಬಂದದ್ದು. ಸೋದರ ಭಾಷೆಯಾದ ಜರ್ಮನ್ ಈ ಜೋಡಿಯನ್ನು ಇಂದಿಗೂ ಎರಡು ಪದಗಳಾಗಿ ಉಳಿಸಿಕೊಂಡಿದೆ: ‘ರಿನ್ನನ್’ ಎಂದರೆ ಹರಿ, ‘ರೆನ್ನನ್’ ಎಂದರೆ ಓಡು. ಈ ಎರಡನೆಯದು ಮೂಲತಃ ಮೊದಲನೆಯದರ ಪ್ರೇರಣಾರ್ಥಕ ರೂಪವಾಗಿತ್ತು. ಆದ್ದರಿಂದ ಹರಿವಿನ ಅರ್ಥ ಇಂಗ್ಲಿಷಿನಲ್ಲಿ ಓಟದ ಅರ್ಥಕ್ಕಿಂತ ಈಚಿನದೆಂದು ಹೇಳಲು ಆಧಾರವಿಲ್ಲ. ಇಂದಿನ ಭಾಷಿಕನ ಮನಸ್ಸಿನಲ್ಲಿ ಓಟವೇ ನಡುವೆ ಇರಬಹುದು. ಆದರೆ ಜಾಲದ ಬಾಣಗಳನ್ನು ಅರ್ಥಗಳು ಹುಟ್ಟಿದ ಕ್ರಮವೆಂದು ಓದಿಸುವುದು ಸಲ್ಲದು.

ಕನ್ನಡದ ಚರಿತ್ರೆ ಇದಕ್ಕೆ ಸಮಾನಾಂತರವಾಗಿ ಸಾಗಿದೆ. ಹಳಗನ್ನಡದ ‘ಪರಿ’ ಧಾತು ಓಡುವುದನ್ನೂ ಹರಿಯುವುದನ್ನೂ ಒಳಗೊಂಡಿತ್ತು. ಹೊಸಗನ್ನಡದ ‘ಹರಿ’ ಮುಖ್ಯವಾಗಿ ನೀರಿಗೆ ಸಂಕುಚಿತವಾಯಿತು, ಓಟ ‘ಓಡು’ ಧಾತುವಿನ ಪಾಲಾಯಿತು. ಹಳೆಯ ವ್ಯಾಪ್ತಿಯ ಗುರುತುಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಹಾವು ಹರಿಯುತ್ತದೆ, ಗಮನ ಹರಿಸುತ್ತೇವೆ, ‘ಮೈಮೇಲೆ ಲಾರಿ ಹರಿದು ಸಾವು’ ಎಂದು ಪತ್ರಿಕೆಗಳು ಬರೆಯುತ್ತವೆ. ಈ ಕೊನೆಯ ಪ್ರಯೋಗ ಇಂಗ್ಲಿಷಿನ ‘ರನ್ ಓವರ್’ಗೆ ನೇರವಾಗಿ ಸಲ್ಲುತ್ತದೆ, ಆದರೆ ‘ಓಡು’ ಎಂಬುದರ ಮೂಲಕ ಅಲ್ಲ. ತಮಿಳಿನಲ್ಲಿಯಾದರೋ ನದಿಗೂ ‘ಓಡು’ ಎಂಬುದೇ ಬಳಕೆಯಾಗುತ್ತದೆ. ಒಂದೇ ಮೂಲದ ಧಾತುವಿನ ವ್ಯಾಪ್ತಿ ಎರಡು ಸೋದರ ಭಾಷೆಗಳಲ್ಲಿ ಬೇರೆಯಾಗಲು ಕಾರಣವನ್ನು ರೂಪಕದಲ್ಲಿ ಹುಡುಕುವುದಕ್ಕಿಂತ, ಪಕ್ಕದ ಧಾತು ಎಷ್ಟು ಸ್ಥಳವನ್ನು ಹಿಡಿದುಕೊಂಡಿದೆ ಎಂಬಲ್ಲಿ ಹುಡುಕುವುದು ಮೇಲು.

ವೇಗದ ಅಂಶವನ್ನೂ ಇಲ್ಲಿ ಪರಿಗಣಿಸಬೇಕು. ವೇಗವು ಮೂಲಮಾದರಿಯ ಭಾಗವಾದರೆ, ಅಂಗಡಿಯನ್ನು ‘ರನ್’ ಮಾಡುವುದರಲ್ಲಿ ಅದು ಎಲ್ಲಿದೆ? ನಿಧಾನವಾಗಿ ನಡೆಯುವ ವ್ಯವಹಾರಕ್ಕೂ ಇಂಗ್ಲಿಷಿನಲ್ಲಿ ‘ರನ್’ ಸಲ್ಲುತ್ತದೆ. ಕನ್ನಡದಲ್ಲಿ ಅಂಗಡಿ ‘ನಡೆಯುತ್ತದೆ’, ಸಿನಿಮಾ ನೂರು ದಿನ ‘ಓಡುತ್ತದೆ’. ಎರಡು ಕಡೆಯೂ ಉಳಿದಿರುವುದು ಅಡೆತಡೆಯಿಲ್ಲದೆ ಮುಂದುವರಿಯುವಿಕೆ ಮಾತ್ರ.

4. ಪರೀಕ್ಷೆಗಳು ಏನನ್ನು ಉಳಿಸುತ್ತವೆ

ರಚನೆಗೆ ಸೇರಿದ್ದನ್ನು ರಚನೆಗೆ ಕೊಟ್ಟ ಮೇಲೂ ‘ರನ್’ ಒಂದೇ ಅರ್ಥದ ಪದವಾಗಿ ಉಳಿಯುವುದಿಲ್ಲ. ಅದನ್ನು ತೋರಿಸಲು ಅಭಿಪ್ರಾಯ ಸಾಲದು, ಪರೀಕ್ಷೆ ಬೇಕು. ಆರ್ನಲ್ಡ್ ಜ್ವಿಕಿ ಮತ್ತು ಜೆರಾಲ್ಡ್ ಸಡಾಕ್ 1975ರಲ್ಲಿ ಸಂಗ್ರಹಿಸಿ ವಿಮರ್ಶಿಸಿದ ಪರೀಕ್ಷೆಗಳಲ್ಲಿ ಎರಡನ್ನು ಇಲ್ಲಿ ಬಳಸೋಣ.

ಮೊದಲನೆಯದು ವಿರೋಧದ ಪರೀಕ್ಷೆ. ‘ದ ಬಸ್ ಈಸ್ ರನ್ನಿಂಗ್, ಬಟ್ ಇಟ್ ಈಸ್ ನಾಟ್ ಮೂವಿಂಗ್’ ಎಂಬ ವಾಕ್ಯದಲ್ಲಿ ಇಂಗ್ಲಿಷ್ ಭಾಷಿಕರಿಗೆ ವಿರೋಧ ಕಾಣುವುದಿಲ್ಲ. ಇಂಜಿನ್ ಚಾಲೂ ಇದೆ, ಬಸ್ಸು ನಿಂತಿದೆ ಎಂದು ಅವರು ಗ್ರಹಿಸುತ್ತಾರೆ. ಚಲನೆ ಮತ್ತು ಯಂತ್ರದ ಕಾರ್ಯಾಚರಣೆ ಒಂದೇ ಅರ್ಥದ ಎರಡು ಛಾಯೆಗಳಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯದು ಜೋಡಣೆಯ ಪರೀಕ್ಷೆ. ‘ಶಿ ರನ್ಸ್ ಎ ಹೋಟೆಲ್ ಅಂಡ್ ಎ ಮ್ಯಾರಥಾನ್’ ಎಂಬ ವಾಕ್ಯವನ್ನು ನೋಡಿ. ಮ್ಯಾರಥಾನ್‌ನಲ್ಲಿ ಅವಳೇ ಓಡುತ್ತಾಳೆ ಎಂದು ಓದಿದರೆ ವಾಕ್ಯ ನಗೆ ಹುಟ್ಟಿಸುತ್ತದೆ. ಅವಳು ಮ್ಯಾರಥಾನ್ ಸ್ಪರ್ಧೆಯನ್ನು ಏರ್ಪಡಿಸುತ್ತಾಳೆ ಎಂದು ಓದಿದ ಕೂಡಲೇ ಅದು ಸರಿಹೋಗುತ್ತದೆ. ಒಂದೇ ಕರ್ಮಪದ ಒಂದು ಓದಿಗೆ ಒಗ್ಗಿ ಇನ್ನೊಂದಕ್ಕೆ ಒಗ್ಗದಿರುವುದರಿಂದ, ವ್ಯತ್ಯಾಸ ಕರ್ಮಪದದ್ದಲ್ಲ, ಕ್ರಿಯಾಪದದ್ದೇ.

ಇವುಗಳಿಗೆ ವ್ಯಾಕರಣದ ಇನ್ನೊಂದು ಸಾಕ್ಷ್ಯವನ್ನು ಸೇರಿಸಬಹುದು. ‘ದ ರೋಡ್ ರನ್ಸ್ ಟು ದ ಸೀ’ ಎಂಬಲ್ಲಿ ಏನೂ ಚಲಿಸುವುದಿಲ್ಲ. ಲೆನರ್ಡ್ ಟಾಲ್ಮಿ ಇಂಥವನ್ನು ಕಲ್ಪಿತ ಚಲನೆಯೆಂದು ವಿವರಿಸಿದ್ದಾರೆ. ಈ ಪ್ರಯೋಗ ‘ಈಸ್ ರನ್ನಿಂಗ್’ ಎಂಬ ರೂಪಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಓಡುವ ಹುಡುಗನಿಗೆ ಅದೇ ರೂಪ ಸಹಜ. ಕನ್ನಡದಲ್ಲಿ ರಸ್ತೆ ಓಡುವುದಿಲ್ಲ, ಊರಿನ ನಡುವೆ ‘ಹಾದುಹೋಗುತ್ತದೆ’.

ಎರವಲಿನ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. ಇಂದಿನ ಆಡುಗನ್ನಡದಲ್ಲಿ ‘ಪ್ರೋಗ್ರಾಂ ರನ್ ಮಾಡಿದೆ’, ‘ಸಾಫ್ಟ್‌ವೇರ್ ರನ್ ಆಗ್ತಿಲ್ಲ’ ಎನ್ನುತ್ತೇವೆ. ‘ನದಿ ರನ್ ಆಗ್ತಿದೆ’ ಎನ್ನುವುದಿಲ್ಲ. ಮೇಲೆ ನಾವು ಹಾಗೆ ಬರೆದದ್ದು ಓದುಗರ ಕಿವಿಗೆ ತಟ್ಟಿರಬಹುದು. ಕನ್ನಡಕ್ಕೆ ಬಂದದ್ದು ಇಡಿಯ ಪದವಲ್ಲ, ಅದರ ಒಂದು ಅರ್ಥ. ಪದದಿಂದ ಬಿಡಿಸಿ ತರಲು ಬಂದ ಅರ್ಥ ಮೂಲದಲ್ಲಿಯೂ ಸ್ವಲ್ಪಮಟ್ಟಿಗೆ ಬಿಡಿಯಾಗಿಯೇ ಇದ್ದಿರಬೇಕು. ಗಮನಾರ್ಹವೆಂದರೆ, ಇಂಗ್ಲಿಷ್ ಗುರುತಿಸದೆ ಬಿಟ್ಟ ಅಕರ್ಮಕ–ಸಕರ್ಮಕ ಭೇದವನ್ನು ಕನ್ನಡವು ‘ಆಗು’, ‘ಮಾಡು’ಗಳಿಂದ ಕೂಡಲೇ ಗುರುತಿಸಿಕೊಂಡಿತು.

ಹೀಗೆ ಉಳಿದ ಅರ್ಥಗಳು ಕೆಲವೇ: ಪ್ರಾಣಿಯ ವೇಗದ ಚಲನೆ, ದ್ರವದ ಹರಿವು, ಕಾರ್ಯಾಚರಣೆ, ವಿಸ್ತಾರ, ಹಾಗೂ ಇವಕ್ಕೆ ಹತ್ತಿರದ ಇನ್ನು ಕೆಲವು. ಇವುಗಳ ಖಚಿತ ಸಂಖ್ಯೆಯನ್ನು ನಾವು ಬೇಕೆಂದೇ ಕೊಡುತ್ತಿಲ್ಲ. ಡರ್ಕ್ ಗೀರಾರ್ಟ್ಸ್ 1993ರಲ್ಲಿ ತೋರಿಸಿದಂತೆ ಈ ಪರೀಕ್ಷೆಗಳು ಯಾವಾಗಲೂ ಒಂದೇ ತೀರ್ಪನ್ನು ಕೊಡುವುದಿಲ್ಲ, ಸಂದರ್ಭ ಬದಲಾದರೆ ಗೆರೆಯೂ ಸರಿಯುತ್ತದೆ.

5. ಏಕಾರ್ಥವಾದದ ಮಿತಿ

ಇಲ್ಲಿಯವರೆಗಿನ ವಾದವನ್ನು ಕೊನೆಯವರೆಗೂ ಎಳೆದರೆ ಚಾರ್ಲ್ಸ್ ರೂಲ್ 1989ರಲ್ಲಿ ಮಂಡಿಸಿದ ಏಕಾರ್ಥವಾದದ ಬಳಿ ಬರುತ್ತೇವೆ. ಪದಕ್ಕೆ ಒಂದೇ ಅಮೂರ್ತ ಅರ್ಥವಿದೆ, ಉಳಿದುದನ್ನೆಲ್ಲ ಸಂದರ್ಭ ಕೊಡುತ್ತದೆ ಎಂದು ಊಹಿಸಿ ಹೊರಡಬೇಕೆಂಬುದು ಆ ನಿಲುವು. ಸಂಶೋಧನೆಯ ಆರಂಭಬಿಂದುವಾಗಿ ಇದು ಆರೋಗ್ಯಕರ. ಅರ್ಥವನ್ನು ಪದದ ಮೇಲೆ ಹೊರಿಸುವ ಮುನ್ನ ಸಂದರ್ಭವನ್ನು ವಿಚಾರಿಸಲು ಅದು ಕಲಿಸುತ್ತದೆ. ಆದರೆ ಕೊನೆಯ ನಿಲ್ದಾಣವಾಗಿ ಅದು ಸಾಲದು.

ಚುನಾವಣೆಯ ಉದಾಹರಣೆಯನ್ನೇ ನೋಡಿ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಂಪ್ರದಾಯಿಕವಾಗಿ ‘ಸ್ಟ್ಯಾಂಡ್’ ಮಾಡುತ್ತಾನೆ. ಕನ್ನಡದಲ್ಲಿಯೂ ಚುನಾವಣೆಗೆ ‘ನಿಲ್ಲುತ್ತಾನೆ’. ಒಂದೇ ಘಟನೆಯನ್ನು ಒಂದೇ ಭಾಷೆಯ ಎರಡು ಪ್ರಭೇದಗಳು ಓಟವೆಂದೂ ನಿಲುವೆಂದೂ ಹೇಳುತ್ತವೆ. ಎಷ್ಟೇ ಅಮೂರ್ತವಾದ ಸಾಮಾನ್ಯ ಅರ್ಥವನ್ನು ಕಲ್ಪಿಸಿದರೂ, ಲಂಡನ್ನಿನವನು ಇಲ್ಲಿ ‘ಸ್ಟ್ಯಾಂಡ್’ ಎನ್ನುವುದನ್ನೂ ಷಿಕಾಗೋದವನು ‘ರನ್’ ಎನ್ನುವುದನ್ನೂ ಅದರಿಂದ ಊಹಿಸಿ ಹೇಳಲಾಗದು. ಅದು ರೂಢಿ. ರೂಢಿಯನ್ನು ಕಲಿಯಬೇಕು, ಕಲಿತದ್ದು ಎಲ್ಲಿಯಾದರೂ ದಾಖಲಾಗಬೇಕು. ‘ರನ್ ಎ ರಿಸ್ಕ್’, ‘ರನ್ ಎ ಟೆಂಪರೇಚರ್’, ‘ರನ್ ಎ ಸ್ಟೋರಿ’ ಎಂಬ ಪ್ರಯೋಗಗಳೂ ಹಾಗೆಯೇ.

ಆದ್ದರಿಂದ ನಮ್ಮ ನಿಲುವು ಇವೆರಡರ ನಡುವಿನ ರಾಜಿಯಲ್ಲ. ಪ್ರಶ್ನೆಯ ಸ್ಥಳವನ್ನೇ ಅದು ಬದಲಿಸುತ್ತದೆ. ಭಾಷಿಕನು ಸ್ಮೃತಿಯಲ್ಲಿ ಇಟ್ಟುಕೊಳ್ಳುವುದು ಹೆಚ್ಚಾಗಿ ಪದದ ಅರ್ಥಗಳ ಪಟ್ಟಿಯನ್ನಲ್ಲ. ಯಾವ ಬಗೆಯ ಕರ್ತೃ, ಯಾವ ಬಗೆಯ ಕರ್ಮ, ಯಾವ ಪೂರಕಗಳೊಡನೆ ಪದ ಬರುತ್ತದೆ ಎಂಬ ವಿನ್ಯಾಸಗಳನ್ನು ಅವನು ಇಟ್ಟುಕೊಳ್ಳುತ್ತಾನೆ. ಅರ್ಥ ಆ ವಿನ್ಯಾಸಕ್ಕೆ ಸೇರಿದ್ದು. ‘ರನ್’ಗೆ ಎಷ್ಟು ಅರ್ಥ ಎಂಬ ಪ್ರಶ್ನೆಗೆ ಉತ್ತರ ಸಿಗದಿರಲು ಕಾರಣ ಪದದ ಗಹನತೆಯಲ್ಲ, ಪ್ರಶ್ನೆ ತಪ್ಪಾದ ಏಕಮಾನವನ್ನು ಹಿಡಿದಿರುವುದು.

6. ದ್ವಿಭಾಷಾ ನಿಘಂಟಿಗೆ ಇದರಿಂದ ಏನು?

ಇದು ಸಿದ್ಧಾಂತದ ಚರ್ಚೆಯಾಗಿಯೇ ಉಳಿಯಬೇಕಾಗಿಲ್ಲ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ರನ್’ ನಮೂದನ್ನು ತೆರೆದ ವಿದ್ಯಾರ್ಥಿ ಏನನ್ನು ಕಾಣುತ್ತಾನೆ? ಓಡು, ಹರಿ, ನಡೆಸು, ಸ್ಪರ್ಧಿಸು, ಚಾಲೂ ಇರು ಎಂಬ ಸಮಾನಪದಗಳ ಸಾಲು. ಸಾಲಿನಲ್ಲಿ ಯಾವುದೂ ತಪ್ಪಲ್ಲ. ಆದರೆ ತನ್ನ ಮುಂದಿರುವ ವಾಕ್ಯಕ್ಕೆ ಯಾವುದು ಸಲ್ಲುತ್ತದೆ ಎಂಬುದನ್ನು ಸಾಲು ಹೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ನೆರವಾಗುತ್ತದೆ.

ಪರ್ಯಾಯ ಕಷ್ಟವಲ್ಲ. ನಮೂದನ್ನು ಅರ್ಥಸಂಖ್ಯೆಯ ಬದಲು ವಿನ್ಯಾಸದ ಕ್ರಮದಲ್ಲಿ ಜೋಡಿಸಬಹುದು. ಕರ್ತೃ ಪ್ರಾಣಿಯಾಗಿದ್ದು ಕರ್ಮವಿಲ್ಲದಿದ್ದರೆ ‘ಓಡು’. ಕರ್ತೃ ದ್ರವವಾದರೆ ‘ಹರಿ’, ಮೂಗಾದರೆ ‘ಸೋರು’ ಅಥವಾ ‘ಸುರಿ’. ಕರ್ತೃ ದಾರಿಯೋ ಗೆರೆಯೋ ಆದರೆ ‘ಹಾದುಹೋಗು’. ಕರ್ಮ ಸಂಸ್ಥೆಯಾದರೆ ‘ನಡೆಸು’, ವಾಹನ ಅಥವಾ ಯಂತ್ರವಾದರೆ ‘ಓಡಿಸು’. ಮುಂದೆ ಗುಣವಾಚಕ ಬಂದರೆ ಆ ಗುಣವಾಚಕಕ್ಕೆ ಹೊಂದುವ ಕ್ರಿಯಾಪದ, ಅನೇಕ ಕಡೆ ‘ಹೋಗು’ ಸಹಿತ. ಚಾರ್ಲ್ಸ್ ಫಿಲ್ಮೋರ್ ಮತ್ತು ಸ್ಯೂ ಅಟ್ಕಿನ್ಸ್ 1992ರಲ್ಲಿ ‘ರಿಸ್ಕ್’ ಪದವನ್ನು ಆಧರಿಸಿ ಚೌಕಟ್ಟು ಆಧಾರಿತ ನಿಘಂಟಿನ ನಕ್ಷೆಯನ್ನು ಕೊಟ್ಟಿದ್ದರು. ಬೆತ್ ಲೆವಿನ್ 1993ರಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ಅವು ಒಪ್ಪುವ ರಚನೆಗಳ ಆಧಾರದ ಮೇಲೆ ವರ್ಗೀಕರಿಸಿದರು. ಈ ಎರಡು ದಾರಿಗಳೂ ಕನ್ನಡ ನಿಘಂಟುಕಾರನಿಗೆ ತೆರೆದಿವೆ. ಕನ್ನಡವು ಕರ್ಮವನ್ನೂ ಪ್ರೇರಣೆಯನ್ನೂ ಪ್ರತ್ಯಯಗಳಿಂದ ಗುರುತಿಸುವ ಭಾಷೆಯಾದ್ದರಿಂದ, ಇಂಗ್ಲಿಷಿನಲ್ಲಿ ಮರೆಯಾಗಿರುವ ವಿನ್ಯಾಸಗಳನ್ನು ಬೆಳಕಿಗೆ ತರುವಲ್ಲಿ ನಮ್ಮ ಭಾಷೆಯೇ ಒಂದು ಸಾಧನ.

ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ಒಂದು ಕ್ರಿಯಾಪದವನ್ನು ಆರಿಸಿ ಅದರ ಅರ್ಥಗಳನ್ನು ಪಟ್ಟಿಮಾಡಿ, ಪಟ್ಟಿಯ ಉದ್ದವನ್ನು ಫಲಿತಾಂಶವೆಂದು ಮಂಡಿಸುವ ಮಹಾಪ್ರಬಂಧ ಬರೆಯುವುದು ಸುಲಭ. ಅದನ್ನು ಓದಿ ಒಪ್ಪುವುದೂ ಸುಲಭ. ಆದರೆ ಎರಡು ಪ್ರಯೋಗಗಳನ್ನು ಒಂದು ಅರ್ಥವೆನ್ನಲು ಅಥವಾ ಎರಡೆನ್ನಲು ಬಳಸಿದ ಮಾನದಂಡವನ್ನು ಮೊದಲ ಅಧ್ಯಾಯದಲ್ಲಿ ಹೇಳದಿದ್ದರೆ, ಕೊನೆಯ ಅಧ್ಯಾಯದ ಸಂಖ್ಯೆಯನ್ನು ಇನ್ನೊಬ್ಬರು ಪರಿಶೀಲಿಸಲು ಸಾಧ್ಯವಿಲ್ಲ. ಪರಿಶೀಲಿಸಲಾಗದ ಸಂಖ್ಯೆ 41 ಆದರೇನು, 645 ಆದರೇನು? ಮುಂದಿನ ಸಲ ತರಗತಿಯಲ್ಲಿ ‘ರನ್’ ಕುರಿತು ಹೇಳುವಾಗ ನಾವು ಸಂಖ್ಯೆಯಿಂದ ಆರಂಭಿಸುವುದಿಲ್ಲ. ನಿಂತಿದ್ದೂ ‘ರನ್’ ಆಗುತ್ತಿರುವ ಆ ಬಸ್ಸಿನಿಂದ ಆರಂಭಿಸುತ್ತೇವೆ.